ನಿಜಾಮನ ಮೋಟಾರು ಮತ್ತು ನಮ್ಮ ದೊಡ್ಡಪ್ಪನ ಹೆರಾಲ್ಡು

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಈಗ ಬರೆಯಲೇಬೇಕಾದ ಕಾಲ ಬಂದಿದೆ. ಯಾಕೆಂದರೆ ಬರುವ ಮಾರ್ಚ್ ಒಳಗೆ ನಾನೊಂದು ತೀರ್ಮಾನ ಮಾಡಬೇಕು. ಅದೇನು ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೂ ಮುಂಚೆ ಸ್ವಲ್ಪ ಇತಿಹಾಸ ಕೇಳಬೇಕು, ಸಹಿಸಿಕೊಳ್ಳಿ :-)

ಹೋದ ಚಳಿಗಾಲದಲ್ಲಿ ಮಗನನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿದ್ದೆ. ಚಾರ್ಮಿನಾರ್ ಆಯಿತು, ಸಾಲಾರ್ ಜಂಗ್ ಮ್ಯೂಸಿಯಂ ಆಯಿತು, ಬಿರಿಯಾನಿಯೂ ಆಯಿತು. ಆಮೇಲೆ ಚೌಮಹಲ್ಲಾ ಅರಮನೆ. ಅಲ್ಲಿ ನಿಜಾಮರ ಹಳೇ ಕಾರುಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಒಂದು ಹಳದಿ ಬಣ್ಣದ ರೋಲ್ಸ್ ರಾಯ್ಸ್. ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರಕ್ಕಿದೆ. ನೂರು ವರ್ಷ ದಾಟಿದ್ದರೂ ನಿನ್ನೆ ಬಂದಂತೆ ಹೊಳೆಯುತ್ತದೆ.

ಮಗ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಅಪ್ಪಾ, ಇದು ಎಷ್ಟು ಓಡ್ಯದ?"

ಆ ಕಾರು ಹುಟ್ಟಿನಿಂದ ಸುಮಾರು 350 ಮೈಲಿ ಮಾತ್ರ ಓಡಿದೆ ಎಂದು ಹೇಳುತ್ತಾರೆ. ಅಂದರೆ ಆಳಂದದಿಂದ ಹೈದರಾಬಾದಿಗೆ ಒಮ್ಮೆ ಹೋಗಿ ಬಂದಷ್ಟು. ನಾನು ಹಾಗೆಂದಾಗ ಅವನು ನಕ್ಕುಬಿಟ್ಟ. "ಮತ್ತ ನಮ್ ಮುತ್ಯಾನ ಗಾಡಿ?" ಅಂದ.

ಮುತ್ಯಾನ ಗಾಡಿ ಅಂದರೆ ನಮ್ಮ ದೊಡ್ಡಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್. 1966ರ ಮಾಡೆಲ್, ಎರಡು ಬಾಗಿಲಿನದು, ತಿಳಿ ಬೂದು ಬಣ್ಣ. ಆಳಂದದ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲಿದೆ. ಅದರ ಮೀಟರು ಪೂರ್ತಿ ಓಡಿ ಸೊನ್ನೆಗೆ ತಿರುಗಿ, ಮತ್ತೆ ಅರ್ಧ ದಾರಿಗೆ ಬಂದಿದೆ. ಈಗಲೂ ಓಡುತ್ತದೆ. ಅವತ್ತು ಅರಮನೆಯ ಅಂಗಳದಲ್ಲಿ ನಿಂತಾಗಲೇ ಈ ಎರಡು ಕಾರುಗಳ ಕತೆ ನನಗೆ ಒಂದೇ ಕತೆ ಅನ್ನಿಸತೊಡಗಿತು.

ಮೊದಲು ಹಳದಿ ಕಾರಿನ ಕತೆ.

ಅದನ್ನು ಆರ್ಡರ್ ಮಾಡಿದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಮಾಡೆಲ್. ಲಂಡನ್ನಿನ ಬಾರ್ಕರ್ ಕಂಪನಿ ಮೇಲಿನ ಕವಚ ಕಟ್ಟಿತು. ಹಳದಿ ಆಸಫ್ ಜಾಹಿ ಮನೆತನದ ಬಾವುಟದ ಬಣ್ಣ. ಕಾರು ಬರುವ ಮೊದಲೇ, 1911ರ ಆಗಸ್ಟಿನಲ್ಲಿ, ಮಹಬೂಬ್ ಅಲಿ ಖಾನ್ ತೀರಿಕೊಂಡರು. ಮಗ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದರು. ಅವರು ಲೋಕದ ಅತಿ ಶ್ರೀಮಂತ ಎಂದು ಹೆಸರಾದವರು, ಜೊತೆಗೆ ಕೈ ಬಿಗಿ ಎಂದೂ. ಕಾರನ್ನು ಮೆರವಣಿಗೆ, ಸಮಾರಂಭಕ್ಕೆ ಬಿಟ್ಟರೆ ಹೊರಗೆ ತೆಗೆಯಲಿಲ್ಲ.

ತಮಾಷೆ ಏನು ಗೊತ್ತಾ? ಆ ಮಾಡೆಲ್ ಹೆಸರು ಮಾಡಿದ್ದೇ ಓಡಿ ಓಡಿ! 1907ರಲ್ಲಿ ಒಂದು ಸಿಲ್ವರ್ ಘೋಸ್ಟನ್ನು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಮತ್ತೆ ಮತ್ತೆ ಓಡಿಸಿ 15,000 ಮೈಲಿ ಪೂರೈಸಿದ್ದರು. 1911ರಲ್ಲಿ ಇನ್ನೊಂದನ್ನು ಲಂಡನ್ನಿನಿಂದ ಎಡಿನ್‌ಬರೊಗೆ ಟಾಪ್ ಗೇರಿನಲ್ಲೇ ಓಡಿಸಿಕೊಂಡು ಹೋಗಿ ವಾಪಸ್ ತಂದರು. ಅದೇ ಕಾರು ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 78 ಮೈಲಿ ಮುಟ್ಟಿತು. ಆ ಕಾಲಕ್ಕೆ ಅದು ಸ್ಪೋರ್ಟ್ಸ್ ಕಾರೇ. ಅಂಥ ಏಳು ಲೀಟರಿಗೂ ಮಿಕ್ಕಿದ ಆರು ಸಿಲಿಂಡರಿನ ಇಂಜಿನ್ನು ಹೈದರಾಬಾದಿಗೆ ಬಂದು ಸಿಂಹಾಸನ ಹೊತ್ತುಕೊಂಡು ನಿಂತುಬಿಟ್ಟಿತು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ.

ಆಗ ಈ ಮೂರೂ ನಿಜಾಮ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯವು. ಆಳಂದ ಮತ್ತು ಅಫಜಲಪುರ ನೇರವಾಗಿ ಸರಕಾರದ ಕೈಯಲ್ಲಿರಲಿಲ್ಲ, ಪಾಯಿಗಾ ಜಹಗೀರಿಗೆ ಸೇರಿದ್ದವು. ಜೇವರ್ಗಿ ಅಂದೋಲ ತಾಲೂಕಿನೊಳಗಿನ ಒಂದು ಊರು. ಅಂದೋಲ ಈಗ ಜೇವರ್ಗಿ ತಾಲೂಕಿನೊಳಗಿನ ಒಂದು ಊರು! ಕಾಲ ಹೀಗೆ ಅದಲುಬದಲು ಮಾಡುತ್ತದೆ.

ಪಾಯಿಗಾ ಮನೆತನಗಳ ಕೆಲಸ ನಿಜಾಮನ ಖಾಸಾ ಸೈನ್ಯವನ್ನು, ಅದರಲ್ಲೂ ಕುದುರೆ ದಂಡನ್ನು ಸಾಕುವುದು. ಆ ಖರ್ಚಿಗೆ ಅಂತ ಅವರಿಗೆ ತಾಲೂಕುಗಟ್ಟಲೆ ಭೂಮಿ ಬಿಟ್ಟುಕೊಟ್ಟಿದ್ದರು. ನಮ್ಮ ಗಡಿಯ ಮರಾಠಿಯಲ್ಲಿ ಪಾಗಾ ಅಂದರೆ ಇವತ್ತಿಗೂ ಕುದುರೆ ಲಾಯ. ಅಂದರೆ ಆಳಂದದ ಜೋಳ, ಅಫಜಲಪುರದ ತೊಗರಿ ಬೆಳೆದವನ ಕಂದಾಯ ಹೋಗಿದ್ದು ಹೈದರಾಬಾದಿನ ಕುದುರೆಗಳ ಹುರುಳಿಗೆ. ಕುದುರೆ ಕಾಲ ಮುಗಿದು ಮೋಟಾರು ಬಂತು. ಲಾಯದ ಜಾಗದಲ್ಲಿ ಗ್ಯಾರೇಜು ಬಂತು. ನಮ್ಮ ಕಡೆಯ ಎತ್ತಿನ ಬಂಡಿ ಮಾತ್ರ ಎರೆ ಮಣ್ಣಿನಲ್ಲಿ ಹೂತುಕೊಂಡು ಹಾಗೇ ಇತ್ತು.

ಎರೆ ಭೂಮಿ ಕಾಣದ ಬ್ಲಾಗಿಗರಿಗೆ ಒಂದು ಮಾತು. ನಮ್ಮ ಕರಿ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ಜೊತೆಗೇ ಏಳುತ್ತದೆ, ಬೀಳುತ್ತದೆ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಗೆ ಎರಡು ಕಿಲೋ ಮಣ್ಣು. ಅಫಜಲಪುರಕ್ಕೂ ಜೇವರ್ಗಿಗೂ ಭೀಮಾ ನದಿಯ ಕಾಟ ಬೇರೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ದಡದ ಹಳ್ಳಿಗಳು ಏನಾದವು ಅಂತ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಇಂಥ ನೆಲದಲ್ಲಿ ರಸ್ತೆ ಅನ್ನುವುದು ಸುಲಭಕ್ಕೆ ಸಿಗುವ ವಸ್ತು ಅಲ್ಲ.

ನಿಜಾಮರ ಆಡಳಿತ ಮೋಟಾರಿನ ವಿಷಯದಲ್ಲಿ ಒಂದು ಒಳ್ಳೆ ಕೆಲಸವನ್ನೂ ಮಾಡಿತು ಅನ್ನಿ. 1932ರಲ್ಲಿ ನಿಜಾಮ್ ರೈಲ್ವೆಯ ಅಂಗವಾಗಿ 27 ಬಸ್ಸು, 166 ಜನ ನೌಕರರಿಂದ ರಸ್ತೆ ಸಾರಿಗೆ ಶುರುವಾಯಿತು. ದೇಶದಲ್ಲಿ ಸರಕಾರವೇ ಬಸ್ಸು ಓಡಿಸಿದ ಮೊದಲ ಉದಾಹರಣೆಗಳಲ್ಲಿ ಅದೊಂದು. ಆದರೆ ಸ್ವಂತ ಕಾರು? ಅದು ಜಹಗೀರದಾರರ, ದೊಡ್ಡ ಅಧಿಕಾರಿಗಳ ಮಾತು.

ನಮ್ಮ ಅಜ್ಜಿಯ ತವರು ಉಮರ್ಗಾ ಕಡೆ. ಆಳಂದದಿಂದ ಉತ್ತರಕ್ಕೆ, ಹೈದರಾಬಾದ್ ಸೊಲ್ಲಾಪುರ ರಸ್ತೆಯ ಮೇಲಿನ ಊರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಅದೇ ರಸ್ತೆಯಲ್ಲಿ ಒಳಗೆ ಬಂತು. ನಳದುರ್ಗ, ಉಮರ್ಗಾ, ಹುಮನಾಬಾದ್, ಜಹೀರಾಬಾದ್... 17ಕ್ಕೆ ನಿಜಾಮರು ಶರಣಾದರು. ಅಜ್ಜಿ ಒಂದೇ ದಿನ ಅಷ್ಟು ಮೋಟಾರು ನೋಡಿದ್ದು ಜೀವನದಲ್ಲಿ ಅದೇ ಮೊದಲಂತೆ. "ಎಣಿಸಿ ಎಣಿಸಿ ಸಾಕಾತು" ಅನ್ನುತ್ತಿದ್ದಳು.

ಮರುವರ್ಷ, 1949ರ ಆಗಸ್ಟಿನಲ್ಲಿ, ಜಹಗೀರು ರದ್ದತಿ ಕಾನೂನು ಬಂತು. ಪಾಯಿಗಾ ಮುಗಿಯಿತು. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹಳದಿ ಕಾರು ಮಾತ್ರ ಹೈದರಾಬಾದಿನಲ್ಲೇ ಉಳಿಯಿತು.

ಈಗ ಬೂದು ಕಾರಿನ ಕತೆಗೆ ಬರೋಣ.

ಸ್ವಾತಂತ್ರ್ಯ ಬಂದ ಮೇಲೆ ಸರಕಾರ ಹೊರಗಿನ ಕಾರುಗಳಿಗೆ ಬಾಗಿಲು ಹಾಕುತ್ತಾ ಬಂತು. 1953ರಲ್ಲಿ ಟ್ಯಾರಿಫ್ ಕಮಿಷನ್ನಿನ ವರದಿ ಒಪ್ಪಿಕೊಂಡು, ಬಿಡಿಭಾಗ ತಂದು ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂದಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಕಡೆಗೆ ಊರಲ್ಲಿ ಕಾಣುವ ಕಾರು ಮೂರೇ: ಕಲಕತ್ತೆಯ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಈ ಮೂರನೆಯವರು 1961ರಿಂದ ಮಾಡಿದ್ದೇ ಹೆರಾಲ್ಡ್.

"ಸ್ಪೋರ್ಟ್ಸ್ ಕಾರು ಅಂತ ಶುರು ಮಾಡಿ ಹೆರಾಲ್ಡ್ ಅಂತೀಯಲ್ಲೋ" ಅಂತ ನಗಬೇಡಿ. ಇದರ ಜಾತಕ ನೋಡಿ.

ಇಂಗ್ಲೆಂಡಿನ ಕೊವೆಂಟ್ರಿಯ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿ 1959ರಲ್ಲಿ ಟ್ರಯಂಫ್ ಹೆರಾಲ್ಡನ್ನು ಹೊರತಂದಿತು. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅದಕ್ಕೂ ಮುಂಚೆ ಒಂದು ಎಡವಟ್ಟಾಗಿತ್ತು. ಈ ಕಂಪನಿಗೆ ಕಾರಿನ ಕವಚ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಕಂಪನಿ ಕೊಂಡುಬಿಟ್ಟಿತು. ಇಡೀ ಕವಚವನ್ನು ಒಟ್ಟಿಗೆ ಮಾಡಿಕೊಡುವವರು ಸಿಗದೆ ಇವರು ಹಳೇ ದಾರಿ ಹಿಡಿದರು. ಕೆಳಗೆ ಬೇರೆಯೇ ಉಕ್ಕಿನ ಚಾಸಿ, ಮೇಲೆ ಬೋಲ್ಟು ಹಾಕಿ ಕೂಡಿಸಿದ ತುಂಡು ತುಂಡು ಕವಚ.

ಇದರಿಂದ ಒಂದು ಲಾಭವಾಯಿತು. ಅದೇ ಚಾಸಿಯನ್ನು ಗಿಡ್ಡ ಮಾಡಿ ಮೇಲೆ ಎರಡು ಸೀಟಿನ ತೆರೆದ ಕವಚ ಕೂಡಿಸಿದರು. ಅದೇ 1962ರ ಟ್ರಯಂಫ್ ಸ್ಪಿಟ್‌ಫೈರ್! 1980ರವರೆಗೂ ಬಂದ, ಲೋಕವೆಲ್ಲ ಇವತ್ತಿಗೂ ಮುದ್ದು ಮಾಡುವ ಸ್ಪೋರ್ಟ್ಸ್ ಕಾರು. ಎರಡರ ಮುಂಚಕ್ರದ ಜೋಡಣೆ ಒಂದೇ, ಸ್ಟಿಯರಿಂಗ್ ಒಂದೇ, ಹಿಂದಿನ ಆಕ್ಸಲ್ಲಿನ ಬಗೆ ಒಂದೇ. ಆ ಲೆಕ್ಕದಲ್ಲಿ ನಮ್ಮ ಹೆರಾಲ್ಡ್ ಸ್ಪಿಟ್‌ಫೈರಿನ ದೊಡ್ಡಪ್ಪ. ಮದರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನ ನಿಲ್ದಾಣದ ರೇಸುಗಳಲ್ಲಿ ಹೆರಾಲ್ಡುಗಳು ಓಡಿದ್ದು ಸುಮ್ಮನೆ ಅಲ್ಲ.

ಶಕ್ತಿ ಮಾತ್ರ ಕೇಳಬೇಡಿ. 948 ಸಿಸಿ ಇಂಜಿನ್ನು, 40 ಕುದುರೆಗಿಂತಲೂ ಕಡಿಮೆ. ಪಾಯಿಗಾದವರ ಒಂದು ಸಣ್ಣ ಲಾಯದಷ್ಟು :-)

ದೊಡ್ಡಪ್ಪ ಡಾಕ್ಟರು. ಮನೆ ಆಳಂದದಲ್ಲಿ, ದವಾಖಾನೆ ಅಫಜಲಪುರದಲ್ಲಿ, ದೊಡ್ಡವ್ವನ ತವರು ಜೇವರ್ಗಿಯಲ್ಲಿ. ಹೀಗಾಗಿ ಅವರ ಬದುಕೇ ಈ ಮೂರು ಊರಿನ ನಡುವಿನ ಓಡಾಟ. 1970ರಲ್ಲಿ ಸೊಲ್ಲಾಪುರದ ಹತ್ತಿ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಹೆರಾಲ್ಡ್ ತಂದರು. ಅಂಬಾಸಿಡರ್ ಯಾಕೆ ತರಲಿಲ್ಲ ಅಂದರೆ "ಅದು ಆನಿ, ನಮ್ಮ ಓಣ್ಯಾಗ ತಿರಗಂಗಿಲ್ಲ" ಅನ್ನುತ್ತಿದ್ದರು. ಹೆರಾಲ್ಡಿಗೆ ಪೂರ್ತಿ ಸುತ್ತು ತಿರುಗಲು 25 ಅಡಿ ಜಾಗ ಸಾಕು. ಆಳಂದದ ಬಜಾರಿನಲ್ಲಿ ಬಂಡಿ ತಿರುಗಿಸಲು ಒದ್ದಾಡುವ ಜಾಗದಲ್ಲಿ ಇದು ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ಹುಡುಗರಿಗೆ ಅದೇ ಸಿನಿಮಾ!

ಎರಡೇ ವರ್ಷಕ್ಕೆ ಎಪ್ಪತ್ತೆರಡರ ಬರ. ನಮ್ಮ ಕಡೆ ಹಿರಿಯರು ವರ್ಷ ಎಣಿಸುವುದೇ ಆ ಬರದಿಂದ. ಬರಗಾಲದ ಕಾಮಗಾರಿಯಲ್ಲಿ ಗಂಡಸರು, ಹೆಂಗಸರು ರಸ್ತೆ ಪಕ್ಕ ಕುಳಿತು ಕಲ್ಲು ಒಡೆದರು. ದೊಡ್ಡಪ್ಪ ಕಾರಿನಲ್ಲಿ ಹೋಗುವಾಗ ಅಲ್ಲಲ್ಲಿ ನಿಲ್ಲಿಸಿ ಕೈಗೆ ಪಟ್ಟಿ ಕಟ್ಟುತ್ತಿದ್ದರಂತೆ. "ಈ ರಸ್ತೆ ಮ್ಯಾಲ ಜೋರ್ ಹೊಡಿಬ್ಯಾಡ, ಒಂದೊಂದ್ ಕಲ್ಲೂ ಒಬ್ಬೊಬ್ರ ರೊಟ್ಟಿ" ಅಂತ ನನಗೆ ಡ್ರೈವಿಂಗ್ ಕಲಿಸುವಾಗಲೂ ಹೇಳುತ್ತಿದ್ದರು. ಕಾರಿಗೂ ಅದರ ಕೆಳಗಿನ ರಸ್ತೆಗೂ ಯಾರೋ ಬೆಲೆ ತೆತ್ತಿರುತ್ತಾರೆ ಅನ್ನುವುದನ್ನು ನಾನು ಕಲಿತಿದ್ದು ಹೀಗೆ.

ಆ ಕಾರು ಮಾಡಿದ ದೊಡ್ಡ ಕೆಲಸ ಹೆರಿಗೆ. ಆಂಬುಲೆನ್ಸ್ ಅನ್ನುವ ಮಾತೇ ಇಲ್ಲದ ಕಾಲ. ರಾತ್ರಿ ಹಳ್ಳಿಯಿಂದ ಯಾರೋ ಸೈಕಲ್ಲಿನ ಮೇಲೆ ಬಂದು ಬಾಗಿಲು ಬಡಿಯುವರು. ಕೂಸು ಅಡ್ಡ ಆಗಿದ್ದರೆ ಗುಲ್ಬರ್ಗಾಕ್ಕೇ ಒಯ್ಯಬೇಕು. ಎರಡು ಬಾಗಿಲಿನ ಕಾರಿನಲ್ಲಿ ಬಸುರಿಯನ್ನು ಹಿಂದಿನ ಸೀಟಿಗೆ ಹತ್ತಿಸುವುದು ಹೇಗೆ? ಹತ್ತಿಸಲಾಗುವುದಿಲ್ಲ. ದೊಡ್ಡಪ್ಪ ಮಿಸ್ತ್ರಿಗೆ ಹೇಳಿ ಮುಂದಿನ ಎಡ ಸೀಟಿನ ಬೋಲ್ಟುಗಳನ್ನು ತೆಗೆಸಿ, ಕೈಯಲ್ಲೇ ತಿರುಗಿಸಿ ಬಿಚ್ಚುವ ನಟ್ಟು ಹಾಕಿಸಿದರು. ಐದು ನಿಮಿಷದಲ್ಲಿ ಸೀಟು ಹೊರಗೆ. ಆ ಜಾಗದಲ್ಲಿ ಗಾದಿ ಹಾಸಿದರೆ ಕಾಲು ಚಾಚಿ ಮಲಗಬಹುದು. ಆ ಸೀಟು ಎಷ್ಟೋ ದಿನ ದವಾಖಾನೆಯ ವರಾಂಡದಲ್ಲೇ ಇರುತ್ತಿತ್ತು, ಪೇಷಂಟುಗಳು ಅದರ ಮೇಲೆ ಕುಳಿತು ಕಾಯುತ್ತಿದ್ದರು.

ನಿಜಾಮನ ಕಾರಿನಲ್ಲಿ ಒಬ್ಬನಿಗಾಗಿ ಸೀಟು ಎತ್ತರಿಸಿದ್ದರು. ಇದರಲ್ಲಿ ಊರಿಗಾಗಿ ಸೀಟೇ ಕಿತ್ತಿಟ್ಟಿದ್ದರು. ಮಗನಿಗೆ ನಾನು ಅರಮನೆಯಲ್ಲಿ ಹೇಳಿದ್ದು ಇಷ್ಟೇ.

ಎಲ್ಲರೂ ಗುಲ್ಬರ್ಗಾ ಮುಟ್ಟಲಿಲ್ಲ ಅನ್ನುವುದನ್ನೂ ಬರೆಯಬೇಕು. ಕೆಲವು ಮಕ್ಕಳು ಚೌಡಾಪುರ ದಾಟುವಷ್ಟರಲ್ಲಿ ದಾರಿಯಲ್ಲೇ ಹುಟ್ಟಿದವು. ಒಬ್ಬ ತಾಯಿ ದಾರಿಯಲ್ಲೇ ಹೋದಳು. ಆ ರಾತ್ರಿಯ ಬಗ್ಗೆ ದೊಡ್ಡಪ್ಪ ಮಾತಾಡುತ್ತಿರಲಿಲ್ಲ. ಹಳ್ಳದಲ್ಲಿ ನೀರು ಬಂದು ಎರಡು ತಾಸು ನಿಲ್ಲಬೇಕಾಯಿತು ಅಂತ ದೊಡ್ಡವ್ವ ಒಮ್ಮೆ ಹೇಳಿದ್ದಳು. ಕಾರು ಎಷ್ಟು ಚೆನ್ನಾಗಿದ್ದರೇನು, ಸೇತುವೆ ಇಲ್ಲದಿದ್ದರೆ...

ಈ ಕಾರು ಉಳಿದಿದ್ದು ನಮ್ಮ ಚಾಚಾನಿಂದ. ದೊಡ್ಡಪ್ಪನ ವಾರಿಗೆಯ ಮಿಸ್ತ್ರಿ. ಹೆಸರು ಹಾಕಬೇಡ ಅಂದಿದ್ದಾರೆ ಅವರ ಮಕ್ಕಳು. ಶಾಲೆ ಕಂಡವರಲ್ಲ. ಹೆರಾಲ್ಡಿನ ಬಾನೆಟ್ ಮುಂದಕ್ಕೆ ಬಾಗುತ್ತದೆ, ಎರಡೂ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮೊಸಳೆ ಬಾಯಿಯ ಹಾಗೆ ತೆರೆದುಕೊಳ್ಳುತ್ತದೆ. ಚಾಚಾ ಮುಂದಿನ ಟೈರಿನ ಮೇಲೆ ಕುಳಿತು, ಚಹಾ ಕಪ್ಪು ಚಾಸಿಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. "ಅಂಬಾಸಿಡರಿಗೆ ಬಗ್ಗಬೇಕು, ಇದು ತಾನೇ ಬಗ್ತದ" ಅನ್ನುವರು.

ಅವರಿಂದ ನಾನು ಕಲಿತ ಮೂರು ಮಾತು ಬರೆದಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲನೆಯದು ಬಿಸಿಲಿನದು. ನಮ್ಮಲ್ಲಿ ಮೇ ತಿಂಗಳು 42, 43 ಡಿಗ್ರಿ ಮಾಮೂಲು. ಆ ಬಿಸಿಲಿಗೆ ಇಂಜಿನ್ ಪಕ್ಕದ ಪೈಪಿನೊಳಗೆ ಪೆಟ್ರೋಲು ಆವಿಯಾಗಿ, ಪಂಪು ಬರೀ ಗಾಳಿ ಎಳೆದು, ಗಾಡಿ ನಿಂತುಬಿಡುತ್ತದೆ. ಗೊತ್ತಿಲ್ಲದವರು ಸ್ಟಾರ್ಟರ್ ಹೊಡೆದು ಹೊಡೆದು ಬ್ಯಾಟರಿ ಮುಗಿಸುತ್ತಾರೆ. ಚಾಚಾ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ, ಗಿಡದ ನೆರಳಿಗೆ ಹೋಗಿ ಒಂದು ಬೀಡಿ ಸೇದುವರು. ಬೀಡಿ ಮುಗಿಯುವಷ್ಟರಲ್ಲಿ ಗಾಡಿ ತಯಾರು.

ಎರಡನೆಯದು ತಿರುವಿನದು. ಹೆರಾಲ್ಡಿನ ಹಿಂದಿನ ಎರಡು ಚಕ್ರಗಳು ಪಕ್ಷಿಯ ರೆಕ್ಕೆಯ ಹಾಗೆ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಕೆಟ್ಟ ರಸ್ತೆಯಲ್ಲಿ ಇದು ಸುಖ. ಆದರೆ ಜೋರಾಗಿ ತಿರುವಿಗೆ ನುಗ್ಗಿ, ಹೆದರಿ ಆಕ್ಸಲರೇಟರ್ ಪೂರ್ತಿ ಬಿಟ್ಟರೆ ಹಿಂಭಾಗ ಎದ್ದು, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ಬುಗುರಿಯಾಗುತ್ತದೆ. "ತಿರುವಿಗಿಂತ ಮೊದ್ಲೇ ಸಾವಕಾಶ ಆಗು, ತಿರುವಿನೊಳಗ ಕಾಲು ತೆಗಿಬ್ಯಾಡ." ಸ್ಪಿಟ್‌ಫೈರ್ ಓಡಿಸುವವರಿಗೆ ಇಂಗ್ಲೆಂಡಿನ ಪುಸ್ತಕಗಳು ಹೇಳುವುದೂ ಇದನ್ನೇ! ಮುಂದೆ 1972ರಲ್ಲಿ ಮದರಾಸಿನ ಕಂಪನಿ ಹೆರಾಲ್ಡನ್ನೇ ಬದಲಿಸಿ ಗೆಜಲ್ ಎಂದು ತಂದಾಗ ಈ ಆಕ್ಸಲ್ ಕೈಬಿಟ್ಟು ಸಾಮಾನ್ಯ ಗಟ್ಟಿ ಆಕ್ಸಲ್ ಹಾಕಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮುಂದಿನ ಚಕ್ರ ಎಡಬಲ ತಿರುಗುವ ಕಡೆ ಕೆಳಗೆ ಹಿತ್ತಾಳೆ ಬಣ್ಣದ ಒಂದು ಕೀಲಿದೆ. ಅದಕ್ಕೆ ಗ್ರೀಸ್ ಹಾಕಬಾರದು, ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಒಳಗೆ ಗಟ್ಟಿಯಾಗಿ ಕೂತು ಎಣ್ಣೆಗೆ ಜಾಗ ಬಿಡುವುದಿಲ್ಲ. ಒಳಗೆ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಚಾಚಾ ತೀರಿಕೊಂಡ ಮೇಲೆ ಪಟ್ಟಣದ ಒಂದು ಗ್ಯಾರೇಜಿಗೆ ಸರ್ವಿಸಿಗೆ ಬಿಟ್ಟಿದ್ದೆ. ಒಳ್ಳೆಯ ಹುಡುಗರು, ಮುತುವರ್ಜಿಯಿಂದ ಎಲ್ಲ ಕಡೆ ಗ್ರೀಸ್ ತುಂಬಿದರು. ಒಂದೂವರೆ ವರ್ಷದ ನಂತರ ಗಾಣಗಾಪುರಕ್ಕೆ ಹೋಗಿ ಬರುವಾಗ, ರಸ್ತೆ ಪಕ್ಕದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ನಿಧಾನ ಮಾಡಿದ್ದೆ. ಕಟಕ್ ಅಂತು. ಎಡ ಚಕ್ರ ಕಾಲು ಮುರಿದ ಕುರ್ಚಿಯ ಹಾಗೆ ಹೊರಕ್ಕೆ ವಾಲಿತು. ಹೆಂಡತಿ, ಮಗ ಒಳಗಿದ್ದರು. ಹದಿನೈದು ಕಿಲೋಮೀಟರ್ ವೇಗದಲ್ಲಿದ್ದೆವು, ಅರವತ್ತರಲ್ಲಿ ಇರಲಿಲ್ಲ. ದತ್ತಾತ್ರೇಯನ ದಯೆ ಅಂದಳು ಹೆಂಡತಿ. ತಪ್ಪು ಹುಡುಗರದ್ದಲ್ಲ, ಹೇಳದೇ ಬಿಟ್ಟ ನನ್ನದು. ಚಾಚಾನಿಗೆ ಗೊತ್ತಿದ್ದದ್ದು ಎಲ್ಲೂ ಬರೆದಿರಲಿಲ್ಲ. ಚಾಚಾನ ಜೊತೆ ಹೋಗಿತ್ತು.

ಆ ಕೀಲು ಹೇಗೆ ಸಿಕ್ಕಿತು ಗೊತ್ತಾ? ಮದರಾಸಿನ ಕಂಪನಿ ಯಾವಾಗಲೋ ಮುಚ್ಚಿಹೋಗಿದೆ. ಆದರೆ ಸ್ಪಿಟ್‌ಫೈರ್ ಇಟ್ಟುಕೊಂಡವರು ಇಂಗ್ಲೆಂಡಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ಅವರಿಗಾಗಿ ಈಗಲೂ ಹೊಸ ಬಿಡಿಭಾಗ ತಯಾರಾಗುತ್ತವೆ. ತಮ್ಮನ ಮನೆಯಿಂದ ಅಣ್ಣನ ಮನೆಗೆ ಪಾರ್ಸಲ್ ಬಂತು. ಆಳಂದದ ಶೆಡ್ಡಿನಲ್ಲಿ ಚಾಚಾನ ಮೊಮ್ಮಗ ಅದನ್ನು ಕೂಡಿಸಿದ. ಅವನು ಬೈಕ್ ಮೆಕ್ಯಾನಿಕ್ಕು. ಅಜ್ಜನ ಹಾಗೇ ಟೈರಿನ ಮೇಲೆ ಕುಳಿತು ಕೆಲಸ ಮಾಡಿದ.

ಈಗ ಹೊಸದೊಂದು ತೊಂದರೆ ಬಂದಿದೆ. ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್. ಹೊಸ ಗಾಡಿಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ, 1966ರ ರಬ್ಬರ್ ಪೈಪಿಗೆ ಅದು ಹೊಂದುವುದಿಲ್ಲ. ಪೈಪು ಮೆತ್ತಗಾಗುತ್ತದೆ, ಸೀಳುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿಗೆ ತುಕ್ಕು. ಆ ಎಥನಾಲ್ ಬರುವುದಾದರೂ ಎಲ್ಲಿಂದ? ಹೆಚ್ಚಾಗಿ ಕಬ್ಬಿನಿಂದ, ಧಾನ್ಯದಿಂದ. ಆಳಂದ, ಅಫಜಲಪುರದಲ್ಲಿ ಈಗ ಎಲ್ಲಿ ನೋಡಿದರೂ ಕಬ್ಬು. ನಮ್ಮೂರ ಕಬ್ಬೇ ನಮ್ಮ ಕಾರಿನ ಪೈಪು ತಿನ್ನುವ ಕಾಲ! ಎಲ್ಲ ಪೈಪು ಬದಲಿಸಿ ಎಥನಾಲ್ ತಡೆಯುವಂಥವು ಹಾಕಿದ್ದೇನೆ. ಜೊತೆಗೆ ವಾರಕ್ಕೊಮ್ಮೆಯಾದರೂ ಓಡಿಸಿ ಪೆಟ್ರೋಲು ಹೊಸದಾಗಿ ತುಂಬುತ್ತೇನೆ. ಚಾಚಾ ಹೇಳುತ್ತಿದ್ದದ್ದೂ ಅದೇ. "ಗಾಡಿ ನಿಂದ್ರಿಸಿದ್ರ ಸಾಯ್ತದ ಬೇಟಾ, ಓಡಿಸಿದ್ರ ಬದುಕ್ತದ." ಸೀಲುಗಳು ಒಣಗುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಇಲಿ ವೈರು ಕಡಿಯುತ್ತದೆ. ನಿಲ್ಲಿಸಿ ಕಾಪಾಡಲು ಅರಮನೆ ಬೇಕು, ಆಳು ಬೇಕು. ನಮ್ಮಂಥವರು ಓಡಿಸಿಯೇ ಕಾಪಾಡಬೇಕು.

ಈಗ ಆ ತೀರ್ಮಾನದ ಮಾತು.

ಮಾರ್ಚಿಗೆ ಕಾರಿನ ಆರ್.ಸಿ. ಅವಧಿ ಮುಗಿಯುತ್ತದೆ. ನನ್ನ ಮುಂದೆ ಎರಡು ದಾರಿ ಇವೆ.

2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರು, ಬೈಕುಗಳಿಗೆ 'ವಿಎ' ಎಂಬ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ಒಳ್ಳೆಯ ನಿಯಮವೇ. ಹಳೇ ಗಾಡಿಗಳು ಗುಜರಿಗೆ ಹೋಗದಂತೆ ಕಾಯುತ್ತದೆ. ಆದರೆ ಒಂದು ಷರತ್ತಿದೆ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ತರಬಹುದು.

ಇನ್ನೊಂದು ದಾರಿ, ಸಾಮಾನ್ಯ ಕಾರಾಗಿಯೇ ಇಟ್ಟುಕೊಳ್ಳುವುದು. ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಿ ತಪಾಸಣೆ ಮಾಡಿಸಿ ನವೀಕರಿಸುವುದು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಹಳೇ ಗಾಡಿಯ ಹೊಗೆ ಊರಿಗೆ ಒಳ್ಳೆಯದಲ್ಲ, ಅದಕ್ಕೆ ತೆರಿಗೆ ಕೊಡುವುದು ನ್ಯಾಯವೇ ಅಂತ ನನಗೂ ಅನ್ನಿಸುತ್ತದೆ.

ಗೆಳೆಯರು ಹೇಳಿದರು, "ವಿಎ ನಂಬರು ಹಾಕ್ಸು ಮಾರಾಯಾ, ಮರ್ಯಾದೆ ಬರ್ತದ, ಬೆಂಗಳೂರಿನ ರ‍್ಯಾಲಿಗೆ ಕರೀತಾರ." ಆಸೆ ಆಗದೇ ಇಲ್ಲ. ಸುಮಾರು ದಿನ ಯೋಚಿಸಿದೆ.

ಅಷ್ಟರಲ್ಲಿ ಒಂದು ಸಣ್ಣ ಘಟನೆ. ಹೋದ ತಿಂಗಳು ಜೇವರ್ಗಿಯಲ್ಲಿ ದೊಡ್ಡವ್ವನ ತವರಿನಲ್ಲಿ ಒಂದು ಮದುವೆ. ಹೆರಾಲ್ಡಿನಲ್ಲೇ ಹೋಗಿದ್ದೆವು. ಕಲಬುರಗಿ ದಾಟಿ ಫರಹತಾಬಾದ್ ಆದ ಮೇಲೆ ಕಟ್ಟಿಸಂಗಾವಿಯ ಹತ್ತಿರ ಭೀಮಾ ಸೇತುವೆ ಬರುತ್ತದೆ. ಬೆಳಗಿನ ತಂಪು, ಕಿಟಕಿ ಇಳಿಸಿ, ನಾಲ್ಕನೇ ಗೇರಿನಲ್ಲಿ ಅರವತ್ತರ ಮೇಲೆ ಹೋಗದೆ, ಇಂಜಿನ್ನಿನ ಗುರುಗುರು ಕೇಳುತ್ತಾ... ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ದಾಟುತ್ತಿದ್ದವು. ಎರಡೂ ಕಡೆ ತೊಗರಿ ಹೊಲ. ಅಂಥ ಬೆಳಿಗ್ಗೆ ಆ ಸಣ್ಣ ಸ್ಟಿಯರಿಂಗ್ ಹಿಡಿದವರಿಗೆ ಇದು ಸ್ಪೋರ್ಟ್ಸ್ ಕಾರೋ ಅಲ್ಲವೋ ಅನ್ನುವ ಅನುಮಾನ ಬರುವುದಿಲ್ಲ.

ಜೇವರ್ಗಿಯ ಪೆಟ್ರೋಲ್ ಪಂಪಿನಲ್ಲಿ ನಿಂತಾಗ ಬೈಕಿನವರೊಬ್ಬರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಐವತ್ತರ ಆಸುಪಾಸು, ಪಂಚೆ, ಬಿಳಿ ಅಂಗಿ.

"ಇದು ಅಫಜಲಪುರ ಡಾಕ್ಟ್ರ ಗಾಡಿ ಹೌದಲ್ರೀ?"

"ಹೌದ್ರೀ. ಅವ್ರು ನಮ್ ದೊಡ್ಡಪ್ಪ."

"ನಮ್ಮವ್ವ ಹೇಳ್ತಿದ್ಳು ನೋಡ್ರಿ. ನಾ ಇದ್ರೊಳಗೇ ಹುಟ್ಟೀನಂತ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎಡಗಡೆಯ ಬಾಗಿಲು ತೆಗೆದೆ. ಅವರು ಚಪ್ಪಲಿ ಕಳೆದು, ಆ ಸೀಟಿನ ಮೇಲೆ ಒಂದು ನಿಮಿಷ ಸುಮ್ಮನೆ ಕುಳಿತರು. ಎದ್ದು, "ಇನ್ನಾ ಓಡ್ತದಲ್ರೀ, ಭಾಳ ಚೊಲೊ ಆತು" ಅಂದು ಹೋದರು. ಹೆಸರು ಕೇಳುವುದನ್ನೇ ಮರೆತೆ.

ಅವತ್ತೇ ಮನಸ್ಸಿಗೆ ಬಂತು. ವಿಎ ನಂಬರು ಹಾಕಿಸಿದ್ದರೆ ನಾವು ಆ ದಿನ ಈ ಗಾಡಿಯಲ್ಲಿ ಮದುವೆಗೆ ಹೋಗುವ ಹಾಗಿರಲಿಲ್ಲ. ಅವರು ಈ ಗಾಡಿಯನ್ನು ನೋಡುತ್ತಿದ್ದದ್ದು ಬೆಂಗಳೂರಿನ ಯಾವುದೋ ಮೈದಾನದಲ್ಲಿ, ಹಗ್ಗದ ಆಚೆಯಿಂದ. ನೋಡುತ್ತಿರಲಿಲ್ಲವೇ ಅನ್ನಿ, ಅಲ್ಲಿಗೆ ಅವರೇಕೆ ಬರುತ್ತಾರೆ?

ಹಾಗಾಗಿ ಹತ್ತು ಸಾವಿರ ಕಟ್ಟಿ, ತಪಾಸಣೆ ಮಾಡಿಸಿ, ಇನ್ನೈದು ವರ್ಷ ಸಾಮಾನ್ಯ ಕಾರಾಗಿಯೇ ಓಡಿಸುವುದು ಅಂತ ತೀರ್ಮಾನಿಸಿದ್ದೇನೆ. ತಪಾಸಣೆಯಲ್ಲಿ ಪಾಸಾಗದಿದ್ದರೆ? ಆಗ ನೋಡೋಣ. ಬ್ರೇಕಿನ ಕೆಲಸ ಶುರುವಾಗಿದೆ. ಚಾಚಾನ ಮೊಮ್ಮಗ ಮಾಡುತ್ತಿದ್ದಾನೆ, ನಾನು ಪಕ್ಕದಲ್ಲಿ ಕುಳಿತು ಅವನು ಮಾಡುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮೊದಲ ಪುಟದಲ್ಲಿ ದೊಡ್ಡದಾಗಿ, "ಗ್ರೀಸ್ ಅಲ್ಲ, ಗೇರ್ ಆಯಿಲ್."

ನಿಮ್ಮ ಊರುಗಳಲ್ಲೂ ಇಂಥ ಗಾಡಿಗಳಿರುತ್ತವೆ. ಹೆರಾಲ್ಡ್, ಫಿಯೆಟ್, ಮೈಸೂರಿನ ಜಾವಾ, ಯೆಜ್ಡಿ, ಯಾವುದಾದರೂ ಸರಿ. ಅವುಗಳ ಜೊತೆ ಒಬ್ಬ ಚಾಚಾ, ಒಬ್ಬ ಆಚಾರಿ, ಒಬ್ಬ ಮಾಮಾ ಇದ್ದೇ ಇರುತ್ತಾರೆ. ಗಾಡಿಯ ಫೋಟೋ ಆಮೇಲೆ ಹಾಕಿ, ಮೊದಲು ಅವರ ಹತ್ತಿರ ಕುಳಿತು ಅವರಿಗೆ ಗೊತ್ತಿರುವುದನ್ನು ಬರೆದುಕೊಳ್ಳಿ.

ಜೇವರ್ಗಿ ಕಡೆಯ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಬಿಳಿ ಅಂಗಿಯವರು ನಿಮಗೆ ಪರಿಚಯವಿದ್ದರೆ, ಒಮ್ಮೆ ಆಳಂದಕ್ಕೆ ಚಹಾಕ್ಕೆ ಬರಬೇಕಂತೆ ಅಂತ ಹೇಳಿಬಿಡಿ. ವಾಪಸ್ ನಾನೇ ಬಿಟ್ಟು ಬರುತ್ತೇನೆ.